ಹಿಂದುಮುಂದಾಗಿ ನಿಂತ ಖಾನಾವಳಿ

ಡಕೋಟದ ಬಯಲಿನಲ್ಲಿ ಲೂನ್ ಕ್ರೀಕ್ ಎಂಬ ಊರಿತ್ತು. ಊರೆಂದರೆ ಹನ್ನೊಂದು ಮನೆ, ಒಂದು ಕಮ್ಮಾರಸಾಲೆ, ಒಬ್ಬ ಮೇಯರ್. ಮೇಯರ್ ಆಲ್ವಾ ಪ್ರೆಂಟಿಸ್ ಎರಡಂತಸ್ತಿನ ಹೋಟೆಲಿನ ಯಜಮಾನ. ರೈಲು ಕಂಪನಿಯವರು ಜಾಗ ಕೇಳಿಕೊಂಡು ಬಂದಾಗ ಅವರನ್ನು ಅರ್ಧ ದಿನ ಜಗುಲಿಯಲ್ಲಿ ಕಾಯಿಸಿದ. ನಮ್ಮನ್ನು ಬಿಟ್ಟರೆ ರೈಲಿಗೆ ಬೇರೆ ಗತಿಯಿಲ್ಲ ಎಂದು ಊರವರಿಗೆ ಭಾಷಣ ಮಾಡಿದ. ಊರವರು ಚಪ್ಪಾಳೆ ತಟ್ಟಿದರು. ರೈಲು ಬಹಳ ವಿನಯದಿಂದ ಎರಡು ಮೈಲಿ ಆಚೆ ಹಾದುಹೋಯಿತು.

ಹಾಗಾಗಿ ಆ ಜನವರಿಯಲ್ಲಿ ಊರೇ ಎದ್ದು ರೈಲಿನ ಹತ್ತಿರ ಹೊರಟಿತು. ಮನೆಗಳನ್ನು ಬುಡಸಮೇತ ಎತ್ತಿ, ಕೆಳಗೆ ಉದ್ದನೆಯ ದಿಮ್ಮಿ ಕೊಟ್ಟು, ಗಟ್ಟಿ ಹಿಮದ ಮೇಲೆ ಎತ್ತು ಕಟ್ಟಿ ಎಳೆಯುವುದು. ಈ ಉಪಾಯವನ್ನೂ ತಾನೇ ಕಂಡುಹಿಡಿದದ್ದೆಂದು ಪ್ರೆಂಟಿಸ್ ಹೇಳಿಕೊಂಡ.

ಟೋರ್ಬೋರ್ಗ್ ನಾರ್ವೆ ಕಡೆಯ ವಿಧವೆ. ಮೂರು ಕೋಣೆಯ ಖಾನಾವಳಿ ಅವಳದು. ಹೊಸ ಸ್ಟೇಷನ್ನಿನಲ್ಲಿ ರೈಲು ಮಧ್ಯಾಹ್ನದ ಊಟಕ್ಕೆ ಇಪ್ಪತ್ತು ನಿಮಿಷ ನಿಲ್ಲುತ್ತದೆ, ಶನಿವಾರ ಮೊದಲ ರೈಲು ಬಂದಾಗ ಯಾರ ಮನೆಯಲ್ಲಿ ಬಿಸಿ ಊಟ ಸಿದ್ಧವಿರುತ್ತದೋ ಪ್ರಯಾಣಿಕರು ಮುಂದೆಯೂ ಅಲ್ಲಿಗೇ ಎಂದು ಕಂಪನಿ ಹೇಳಿತ್ತು. ಉಳಿದವರು ನೊಣ ಹೊಡೆಯಬಹುದು. ಟೋರ್ಬೋರ್ಗ್‌ಗೆ ಆ ಊಟದ ವ್ಯಾಪಾರ ತಪ್ಪಿದರೆ ಮಿನೆಸೋಟದಲ್ಲಿ ಮೈದುನನ ಮನೆಯೇ ಗತಿ. ಒಂಬತ್ತು ಜನಕ್ಕೆ ಬೇಯಿಸಿ ಹಾಕಲು ಬಾ ಎಂದು ಅವನು ಆಗಲೇ ಪ್ರೀತಿಯಿಂದ ಕರೆದಿದ್ದ.

ಪ್ರೆಂಟಿಸ್ ಸುತ್ತಲೂ ಬಾಡಿಗೆಗೆ ಸಿಗುವ ನಲವತ್ತು ಎತ್ತುಗಳನ್ನೂ ಮೊದಲೇ ಗೊತ್ತುಮಾಡಿಕೊಂಡ. ಅವಳಿಗೆ ಉಳಿದದ್ದು ಮುದುಕ ಸಿವರ್ಟ್, ಮತ್ತು ಅವನಷ್ಟೇ ಮುದಿಯಾದ ಆರು ಎತ್ತು. ಶುಕ್ರವಾರ ಬೆಳಿಗ್ಗೆ ಎಲ್ಲರೂ ಒಲೆ ಆರಿಸಿ ಹೊರಟರು. ಇವಳು ಆರಿಸಲಿಲ್ಲ.

"ಅಕ್ಕಾ, ಬೆಂಕಿ ತೆಗೀರಿ," ಎಂದ ಸಿವರ್ಟ್. "ಮನೆ ಅಲ್ಲಾಡಿ ಕೆಂಡ ಬಿದ್ರೆ ಎಲ್ಲಾ ಸುಟ್ಟು ಹೋಗುತ್ತೆ."

"ತೆಗೆದ್ರೆ ಹಿಟ್ಟು ಉಬ್ಬಲ್ಲ ಸಿವರ್ಟ್. ನಾಳೆ ರೈಲಿನೋರಿಗೆ ನಿನ್ನ ಎತ್ತು ಬೇಯಿಸಿ ಹಾಕ್ಲಾ?"

ಎತ್ತುಗಳನ್ನು ಅಡುಗೆಮನೆಯ ಕಡೆಗೇ ಕಟ್ಟು, ಎಳೆಯುವವರ ಕೈಗೆ ಬಾಗಿಲಿಂದಲೇ ಕಾಫಿ ಕೊಡಬಹುದು ಎಂದಳು. ಹಾಗೆ ಮಾಡಿದರೆ ಮನೆ ಬೆನ್ನು ಮುಂದಾಗಿ ಹೋಗುತ್ತದಲ್ಲ ಎಂದು ಅವನು ಕೇಳಿದ. ಅಲ್ಲಿ ಹೋಗಿ ತಿರುಗಿಸಿದರಾಯಿತು ಎಂದಳು.

ಹೋಟೆಲು ಠೀವಿಯಿಂದ ಎಲ್ಲರಿಗಿಂತ ಮುಂದೆ ಹೋಯಿತು. ಪ್ರೆಂಟಿಸ್ ಮೇಲಿನ ಕಿಟಕಿಯಲ್ಲಿ ನಿಂತು, ಎತ್ತುಗಳಿಗೆ ಅರ್ಥವಾಗಲೆಂದು ಕೈ ಬೀಸುತ್ತಿದ್ದ. ಒಂದು ಮೈಲಿ ದಾಟಿ ತಗ್ಗು ಸಿಕ್ಕಿದ್ದೇ ಹೋಟೆಲು ಹಿಮದೊಳಗೆ ಮೊಣಕಾಲೂರಿ ಕೂತಿತು. ಆಳುಗಳ ಗಡ್ಡಕ್ಕೆ ಮಂಜು ಕಟ್ಟಿತ್ತು. ಯಜಮಾನ ಅವರಿಗೆ ಉತ್ಸಾಹದ ಮಾತುಗಳನ್ನು ಧಾರಾಳವಾಗಿ ಬಡಿಸಿದ. ಅಷ್ಟರಲ್ಲಿ ಹಿಂದಿನಿಂದ ಹೊಗೆಯಾಡುತ್ತ ಖಾನಾವಳಿ ಬಂತು, ಜೊತೆಗೆ ಕಾಫಿಯ ವಾಸನೆ, ಆಲೂಗೆಡ್ಡೆ ರೊಟ್ಟಿಯ ವಾಸನೆ. ಆಳುಗಳು ಒಬ್ಬೊಬ್ಬರಾಗಿ ಬೆಚ್ಚಗಾಗಲು ಹೋದರು. ಹೋದವರು ತಮ್ಮ ಎತ್ತುಗಳನ್ನೂ ಹೊಡೆದುಕೊಂಡು ಹೋದರು. ಪ್ರೆಂಟಿಸ್ ಮೇಲಿನಿಂದ ದ್ರೋಹ, ಕೃತಘ್ನತೆ ಮುಂತಾಗಿ ದೊಡ್ಡ ದೊಡ್ಡ ಮಾತಾಡಿದ. ಒಬ್ಬ ಆಳು ರೊಟ್ಟಿ ಅಗಿಯುತ್ತಲೇ ತಿರುಗಿ ನೋಡಿದ.

"ಯಜಮಾನ್ರೇ, ನೀವು ಕೆಳಗಿಳೀರಿ. ಎರಡು ಎತ್ತಿನ ಭಾರ ಕಮ್ಮಿ ಆಗುತ್ತೆ."

ಮಧ್ಯಾಹ್ನದ ಹೊತ್ತಿಗೆ ಟೋರ್ಬೋರ್ಗ್ ಮನೆಗೆ ಹದಿನೆಂಟು ಎತ್ತು. ಹೊತ್ತು ಮುಳುಗುವಾಗ ಮನೆ ಸ್ಟೇಷನ್ನಿನ ಎದುರು ಬಂದು ನಿಂತಿತು. ಅಡುಗೆಮನೆ ಸ್ಟೇಷನ್ನಿನ ಕಡೆಗೆ, ಮುಂಬಾಗಿಲು ಬಯಲಿನ ಕಡೆಗೆ. ಬೆಳಿಗ್ಗೆ ತಿರುಗಿಸೋಣ ಎಂದು ಮಲಗಿದರು. ಬೆಳಿಗ್ಗೆ ನೋಡಿದರೆ ದಿಮ್ಮಿಗಳು ನೆಲಕ್ಕೆ ಹೆಪ್ಪುಗಟ್ಟಿ ಕಬ್ಬಿಣವಾಗಿದ್ದವು. ಹದಿನೆಂಟು ಎತ್ತು ಎಳೆದರೂ ಮನೆ ಮಿಸುಕಲಿಲ್ಲ.

ಕಂಪನಿಯ ಏಜೆಂಟ ನಿಯಮದ ಪುಸ್ತಕ ಹಿಡಿದುಕೊಂಡು ಬಂದ. ಟಿಕೆಟು ಕೊಂಡವರನ್ನು ಅಡುಗೆಮನೆಯಿಂದ ಒಳಗೆ ಬಿಡುವಂತಿಲ್ಲ, ಈ ಖಾನಾವಳಿಗೆ ಸ್ಟೇಷನ್ ಕಡೆಗೆ ಮುಖವೇ ಇಲ್ಲ ಎಂದ. ಪ್ರೆಂಟಿಸ್ ನಡೆದುಕೊಂಡೇ ಬಂದಿದ್ದ. ತನ್ನ ಹೋಟೆಲು ನಿಂತಿರುವ ಜಾಗವೇ ಇನ್ನು ಊರಿನ ಮಧ್ಯ, ಸ್ಟೇಷನ್ನನ್ನೇ ಸ್ವಲ್ಪ ದೂರ ಕಟ್ಟಿಬಿಟ್ಟಿದ್ದಾರೆ ಎಂದು ವಿವರಿಸಿದ. ಅಲ್ಲಿ ಒಲೆ ಹಚ್ಚಿಸಿ ಬಂದಿದ್ದೇನೆ ಎಂದೂ ಸೇರಿಸಿದ. ಮೇಯರ್ ಹೇಳಿದ ಮೇಲೆ ಏಜೆಂಟನಿಗೆ ಅದು ಸರಿಯೆನಿಸಿತು. ಪ್ರಯಾಣಿಕರನ್ನು ಅಲ್ಲಿಗೇ ಕಳಿಸುವುದೆಂದು ತೀರ್ಮಾನವಾಯಿತು. ಟೋರ್ಬೋರ್ಗ್ ಒಳಗೆ ಹೋಗಿ ಮಾಂಸದ ಸಾರಿನ ಮುಚ್ಚಳ ತೆಗೆದು, ಸ್ಟೇಷನ್ ಕಡೆಯ ಬಾಗಿಲು ಹಾರುಹೊಡೆದಳು.

ರೈಲು ಬಂತು. ಮೊದಲು ಇಳಿದ ಗಾರ್ಡ್ ಊಟ ಎಲ್ಲಿ ಎಂದ. ಪ್ರೆಂಟಿಸ್ ಬಹಳ ಗಂಭೀರವಾಗಿ ಬಯಲಿನ ಕಡೆ ಕೈ ತೋರಿಸಿದ. ಅಲ್ಲಿ ಹಿಮದ ನಡುವೆ ಹೋಟೆಲು ಒಂದು ಪಕ್ಕಕ್ಕೆ ವಾಲಿಕೊಂಡು ಒಂಟಿಯಾಗಿ ನಿಂತಿತ್ತು. ಗಾರ್ಡ್ ಅದನ್ನು ನೋಡಿದ, ಜೇಬುಗಡಿಯಾರ ನೋಡಿದ, ಮೂಗು ಅರಳಿಸಿದ.

"ಇರೋದು ಇಪ್ಪತ್ತು ನಿಮಿಷ ಸ್ವಾಮಿ. ಅಲ್ಲಿ ಹೋಗೋರು ರೈಲಿಗೆ ಅಲ್ಲಿಂದಲೇ ಕೈ ಬೀಸ್ಲಿ."

ಹೇಳಿ ನೇರ ಅಡುಗೆಮನೆಯೊಳಗೆ ನುಗ್ಗಿದ. ಮೂವತ್ತು ಜನ ಅವನ ಹಿಂದೆ. ಒಲೆಯ ಪಕ್ಕದಲ್ಲೇ ಹಾದು ಹೋದದ್ದರಿಂದ ಪಾತ್ರೆಯಲ್ಲಿರುವುದು ಏನೆಂದು ಅವರಿಗೆ ಕಣ್ಣಾರೆ ತಿಳಿಯಿತು. ರೈಲು ಹೋಟೆಲುಗಳಲ್ಲಿ ಆ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಗಾರ್ಡ್ ಎರಡನೇ ಸಲ ಬಡಿಸಿಕೊಳ್ಳುತ್ತ, ನಾಳೆಯೂ ಇಲ್ಲಿಗೇ ಎಂದು ಬರೆದುಕೋ ಎಂದು ಏಜೆಂಟನಿಗೆ ಹೇಳಿದ. ಏಜೆಂಟ ಪುಸ್ತಕ ತಿರುವಿಹಾಕಿ ಅದಕ್ಕೂ ಒಂದು ನಿಯಮ ಹುಡುಕಿದ.

ವಸಂತದಲ್ಲಿ ನೆಲ ಕರಗಿತು. ಮನೆ ತಿರುಗಿಸಲೇ ಎಂದು ಸಿವರ್ಟ್ ಕೇಳಿದ್ದಕ್ಕೆ ಟೋರ್ಬೋರ್ಗ್ ಬೇಡವೆಂದಳು. ಹೋಟೆಲು ಕೆಸರಿನಲ್ಲಿ ಇನ್ನೂ ಒಂದು ಗೇಣು ಇಳಿಯಿತು. ಪ್ರೆಂಟಿಸ್ ಅದರ ಮುಂದೆ 'ಊರ ಮಧ್ಯ' ಎಂದು ಹಲಗೆ ಹಾಕಿಸಿ, ದಿನವೂ ಊಟಕ್ಕೆ ಖಾನಾವಳಿಗೆ ನಡೆದು ಬರುತ್ತಿದ್ದ. ಒಂದು ದಿನ, ನಿನ್ನ ಮನೆ ಬಹಳ ದೂರವಾಯಿತಮ್ಮ ಎಂದು ಗೊಣಗಿದ.

"ಹೌದು ಯಜಮಾನ್ರೇ," ಎಂದಳು ಅವಳು ಸಾರು ಬಡಿಸುತ್ತ. "ಊರ ಮಧ್ಯದಲ್ಲಿರೋರಿಗೆ ಊರು ದೂರಾನೇ."

ಪ್ರೆಂಟಿಸ್ ಸ್ವಲ್ಪ ಯೋಚಿಸಿ, ನಿಜ ಎಂದು ತಲೆಯಾಡಿಸಿದ.