ಅಕ್ಕನ ಕೀ

ಲಾಂಡ್ರಿಯ ಹಬೆ ಕೊಳವೆ ಸೋರುತ್ತಿದೆ ಎಂದು ಅಕ್ಕ ತನ್ನ ಪುಟದಲ್ಲಿ ಬರೆದಳು. ಮಾಲೀಕ ದೂರು ಕೊಟ್ಟ. ಪುಟಗಳನ್ನು ನಡೆಸುವ ಕಂಪನಿ ಅವಳ ಪುಟವನ್ನೇ ಅಳಿಸಿತು. ಕೊಳವೆಯನ್ನು ಯಾರೂ ಮುಟ್ಟಲಿಲ್ಲ.

ಅದು ದೊಡ್ಡ ಲಾಂಡ್ರಿ. ಊರಿನ ಆಸ್ಪತ್ರೆಗಳ ಹೊದಿಕೆ, ಹೋಟೆಲುಗಳ ಹಾಸು ಎಲ್ಲ ಅಲ್ಲಿಗೆ ಕೊಳೆಯಾಗಿ ಬಂದು ಬೆಳ್ಳಗಾಗಿ ಹೋಗುತ್ತಿದ್ದವು. ಬೆಳ್ಳಗೆ ಮಾಡುವವರ ಮುಂಗೈ ಮಾತ್ರ ಸುಟ್ಟ ಕಲೆಯಿಂದ ಕಪ್ಪಾಗುತ್ತಿತ್ತು. ಅಕ್ಕ ಹಬೆ ಯಂತ್ರದ ಬಳಿ ನಿಲ್ಲುವವಳಾದ್ದರಿಂದ ಎಲ್ಲರಿಗೂ ಹಬೆಯಕ್ಕ. ಅವಳ ಬೆನ್ನಿಗೆ ಹುಟ್ಟಿದವಳು ಮನೆಯಲ್ಲೇ ಕೂತು ಮೊಬೈಲ್ ಆ್ಯಪ್ ಬರೆದುಕೊಡುವವಳು. ಅವಳನ್ನೂ ಲಾಂಡ್ರಿಯವರು ಬರೀ ತಂಗಿ ಎಂದೇ ಕರೆಯುತ್ತಿದ್ದರು, ತಮಗಿಂತ ಹಿರಿಯಳೋ ಕಿರಿಯಳೋ ನೋಡದೆ.

ಪುಟ ಹೋದ ದಿನ ಅಕ್ಕ ಚಪ್ಪಲಿ ಕೂಡ ಬಿಡದೆ ತಂಗಿಯ ಕೋಣೆಯ ಸ್ಟೂಲಿನ ಮೇಲೆ ಕುಕ್ಕರಿಸಿದಳು. ಅಳಲಿಲ್ಲ. ಇಷ್ಟು ದಿನ ಯಾರ ಮನೆಯ ಗೋಡೆ ಮೇಲೆ ಬರೀತಿದ್ದೆ ಅನ್ನೋದು ಇವತ್ತು ಗೊತ್ತಾಯ್ತು ಎಂದಳು. ಆಮೇಲೆ ತಂಗಿಯ ಕಂಪ್ಯೂಟರಿನ ಕಡೆಗೆ ಗದ್ದ ತೋರಿಸಿ, "ನಿನ್ನ ಈ ಪೆಟ್ಟಿಗೆಯಿಂದ ನಂಗೊಂದು ಗೋಡೆ ಕಟ್ಟಿಕೊಡೇ. ಯಾವನೂ ಒರೆಸೋಕಾಗದ ಗೋಡೆ" ಅಂದಳು.

ಹಾಗೆ ಶುರುವಾಯಿತು. ಮಾಲೀಕನೇ ಇಲ್ಲದ ಜಾಲವೊಂದಿದೆ ಎಂದು ತಂಗಿ ಕೇಳಿದ್ದಳು. ಅಲ್ಲಿ ಯಾರು ಬೇಕಾದರೂ ಒಂದು ಸಣ್ಣ ಸರ್ವರ್ ಇಟ್ಟುಕೊಳ್ಳಬಹುದು. ಬರೆದವರು ತಮ್ಮ ಗುಟ್ಟಿನ ಕೀಯಿಂದ ಮಾತಿಗೆ ಸಹಿ ಹಾಕಿ ಹತ್ತಾರು ಸರ್ವರ್‌ಗಳಿಗೆ ಕಳಿಸುತ್ತಾರೆ. ಒಬ್ಬ ಅಳಿಸಿದರೆ ಇನ್ನೊಬ್ಬನ ಬಳಿ ಉಳಿದಿರುತ್ತದೆ. ಆದರೆ ಜಾಲದ ಒಳಗೆ ಹೋಗಲು ಕೈಯಲ್ಲೊಂದು ಆ್ಯಪ್ ಬೇಕು. ಅದನ್ನು ಬುಡದಿಂದ ಕಟ್ಟಹೊರಟರೆ ತಲೆಗೂದಲು ಹಣ್ಣಾಗುತ್ತದೆ. ಪುಣ್ಯಕ್ಕೆ, ಮುಖ ಕಾಣದ ಯಾರೋ ಅದಕ್ಕೆಂದೇ ಒಂದು ಲೈಬ್ರರಿ, ಅಂದರೆ ಆ್ಯಪ್‌ಗೆ ಬೇಕಾದ ಸಿದ್ಧ ಕೋಡಿನ ಕಂತೆ, ಬರೆದು, ಬೇಕಾದವರು ಎತ್ತಿಕೊಳ್ಳಿ ಎಂದು ಬಯಲಲ್ಲಿ ಇಟ್ಟಿದ್ದರು. ಸರ್ವರ್‌ಗಳ ಬಾಗಿಲು ತಟ್ಟುವುದು, ಸಹಿ ಹಾಕುವುದು, ಬಂದ ಮಾತಿನ ಸಹಿ ನಿಜವೇ ಎಂದು ನೋಡುವುದು, ಒಂದೇ ಮಾತು ನಾಲ್ಕು ದಿಕ್ಕಿನಿಂದ ಬಂದರೆ ಒಂದನ್ನಷ್ಟೇ ಇಟ್ಟುಕೊಳ್ಳುವುದು, ಈ ಕೂಲಿಯೆಲ್ಲ ಲೈಬ್ರರಿಯದು. ತಂಗಿ ಅದರ ಮೇಲೆ ಮುಖವೊಂದನ್ನು ಕೂರಿಸಿದರೆ ಸಾಕಿತ್ತು. ಒದ್ದೆ ಬೆರಳಿಗೂ ಸಿಗುವಷ್ಟು ದೊಡ್ಡ ಗುಂಡಿ. ಬರೆಯಲು ಬಾರದವರು ದನಿಯಲ್ಲೇ ಹೇಳಲು ಒಂದು ಮೈಕಿನ ಚಿತ್ರ.

ಅಕ್ಕನ ಜೊತೆ ಕೆಲಸ ಮಾಡುವ ಇಸ್ತ್ರಿ ಮಾವ ಆ್ಯಪನ್ನು ತಿರುಗಿಸಿ ಮುರುಗಿಸಿ ನೋಡಿ, ಇದರ ಮಾಲೀಕ ಯಾರು ಎಂದು ಕೇಳಿದ್ದ. ಯಾರೂ ಇಲ್ಲ ಅಂದರೆ ನಂಬಲಿಲ್ಲ. "ಯಾರೂ ಇಲ್ವಾ? ಮತ್ತೆ ಬೈಯೋದು ಯಾರನ್ನಮ್ಮ?"

ಮೊದಲ ಕೀ ಹುಟ್ಟಿದ್ದು ಅಕ್ಕನದು. ತಲೆಬುಡವಿಲ್ಲದ ಉದ್ದನೆಯ ಅಕ್ಷರಗಳ ಸಾಲು ನೋಡಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಟ್ರಂಕಿನ ಬೀಗದ ಕೈಯನ್ನೇ ಮನೆಯೆಲ್ಲ ಹುಡುಕುವವಳು ಇದನ್ನು ಇಟ್ಟುಕೊಂಡ ಹಾಗೇ, ಇನ್ನೊಂದು ಪ್ರತಿ ನಿನ್ನ ಹತ್ತಿರವೇ ಇರಲಿ ಎಂದಳು. ಇದು ಯಾರ ಕೈಯಲ್ಲಿದೆಯೋ ಅವರು ನಿನ್ನ ಹಾಗೆ ಮಾತಾಡಬಹುದು, ಜಾಲಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದು ತಂಗಿ ಗಂಭೀರವಾಗಿ ತಿಳಿಹೇಳಿದಳು.

"ಮಾತಾಡ್ಕೋ ಹೋಗು. ನಿನ್ನ ಕೀರಲು ಗಂಟಲು ಕೇಳಿದ್ರೆ ಇಸ್ತ್ರಿ ಮಾವನೂ ನಂಬಲ್ಲ."

ಅಕ್ಕ ಬರೆದದ್ದು ಕಡಿಮೆ, ಹೇಳಿದ್ದೇ ಹೆಚ್ಚು. ಅವಳ ಬೆನ್ನ ಹಿಂದೆ ಯಂತ್ರಗಳು ಬೊಬ್ಬೆ ಹೊಡೆಯುತ್ತಿದ್ದುದರಿಂದ ಪ್ರತಿ ಸಲ ಒಮ್ಮೆ ಕೆಮ್ಮಿ, "ಕೇಳಿಸ್ತಾ?" ಎಂದೇ ಆರಂಭಿಸುತ್ತಿದ್ದಳು. ಹರಿದ ಕೈಗವಸಿನ ಸುದ್ದಿ, ಮೇಸ್ತ್ರಿ ನಿಂತಲ್ಲೇ ಗೊರಕೆ ಹೊಡೆದ ಸುದ್ದಿ, ಕೊಳವೆಯ ಸುದ್ದಿ. ಮತ್ತೆ ಕೊಳವೆಯ ಸುದ್ದಿ. ಮಾಲೀಕ ಮತ್ತೆ ದೂರು ಕೊಡಲು ನೋಡಿದ, ಕೊಡಲು ಬಾಗಿಲೇ ಇರಲಿಲ್ಲ. ಬೇರೆ ಲಾಂಡ್ರಿಗಳವರೂ ಕಿವಿಗೊಟ್ಟರು. ತಂಗಿಗೆ ಹೆಮ್ಮೆಯೋ ಹೆಮ್ಮೆ. ಗೋಡೆ ಗಟ್ಟಿಯಾಗಿತ್ತು.

ಕೊಳವೆ ಗಟ್ಟಿಯಾಗಿರಲಿಲ್ಲ. ಒಂದು ದಿನ ಒಡೆಯಿತು. ಅಕ್ಕ ಪಕ್ಕದಲ್ಲೇ ನಿಂತಿದ್ದಳು.

ಅಂದಿನಿಂದ ಲಾಂಡ್ರಿಯ ಗೇಟಿನ ಎದುರು ಮುಷ್ಕರ. ಮನೆಯಲ್ಲಿ ಅಮ್ಮನದು ಬೇರೆಯೇ ದಿನಚರಿ. ಬೆಳಿಗ್ಗೆ ಎದ್ದವಳೇ ಫೋನಿನಲ್ಲಿ ಅಕ್ಕನ ದನಿ ಹಚ್ಚಿ, ಸದ್ದು ದೊಡ್ಡದಾಗಲೆಂದು ಫೋನನ್ನು ಸ್ಟೀಲಿನ ಚೊಂಬಿನೊಳಗೆ ನಿಲ್ಲಿಸುವಳು. ಚೊಂಬಿನಿಂದ ಅಕ್ಕ ಕೆಮ್ಮುವಳು. ಎಲ್ಲಿ ನಗುತ್ತಾಳೆ, ಎಲ್ಲಿ ಉಸಿರು ಎಳೆದುಕೊಳ್ಳುತ್ತಾಳೆ ಎಂಬುದು ಅಮ್ಮನಿಗೆ ಬಾಯಿಪಾಠ. ಅಕ್ಕ ಬೈದಾಗ ಅಮ್ಮ ತುಟಿಯಲ್ಲೇ ಬೈಯುವಳು. ಪಕ್ಕದ ಕೋಣೆಯಲ್ಲಿ ತಂಗಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಏನನ್ನೂ ಹಚ್ಚದೆ ಕೂತಿರುವಳು. ಕೇಳಬಾರದೆಂದು ಕೂತವಳು ಉಸಿರು ಬಿಗಿಹಿಡಿದು ಕೇಳುವಳು. ಹೊಸ ಗುಂಡಿಯೊಂದನ್ನು ಕೂರಿಸಿದಾಗ "ಅಕ್ಕಾ, ಇಲ್ಲಿ ನೋಡು" ಎಂದು ಸ್ಟೂಲಿನ ಕಡೆ ತಿರುಗಿ, ತಿರುಗಿದ ಕತ್ತನ್ನು ಏನು ಮಾಡುವುದೆಂದು ತಿಳಿಯದೆ ಗೋಡೆಯ ಗಡಿಯಾರ ನೋಡುವಳು.

ಬಾಗಿಲ ಬಳಿಯ ಚಪ್ಪಲಿಯನ್ನು ಅಮ್ಮ ಎತ್ತಿಡಲಿಲ್ಲ. ಕಂಪ್ಯೂಟರಿನಲ್ಲಿದ್ದ ಅಕ್ಕನ ಕೀಯನ್ನು ತಂಗಿ ತೆಗೆಯಲಿಲ್ಲ.

ಆ ಮಧ್ಯಾಹ್ನ ಲೈಬ್ರರಿಯ ಹೊಸ ಆವೃತ್ತಿ ಬಂದಿತ್ತು. ತಂಗಿ ಅದನ್ನು ಇಳಿಸಿಕೊಂಡು, ದನಿ ಸರಿಯಾಗಿ ಹೋಗುತ್ತದೋ ಇಲ್ಲವೋ ನೋಡುವ ಮೊದಲು ಎಂದಿನಂತೆ ಒಂದು ಸಾಲು ಬರೆದು ಕಳಿಸಿದಳು. ಪರೀಕ್ಷೆಗೆಂದೇ ಅವಳು ಎಲ್ಲಕ್ಕಿಂತ ಕೊನೆಗೆ ಸೇರಿಸಿಕೊಂಡ ಒಂದು ಹುಸಿ ಕೀ ಇತ್ತು. ಪರೀಕ್ಷೆಯ ಮಾತು ಮಾತ್ರ ಯಾವಾಗಲೂ ಅಕ್ಕನಿಂದ ಕದ್ದದ್ದು: ಕೇಳಿಸ್ತಾ? ಹಳೆಯ ಆವೃತ್ತಿಯಲ್ಲಿ, ಯಾವ ಕೀ ಎಂದು ಹೇಳದಿದ್ದರೆ, ಕೊನೆಗೆ ಸೇರಿಸಿದ ಕೀ ಸಹಿ ಹಾಕುತ್ತಿತ್ತು. ಹೊಸದರಲ್ಲಿ ಅದನ್ನು ಬದಲಿಸಿದ್ದರು. ಮೊದಲು ಸೇರಿಸಿದ್ದು ಹಾಕುತ್ತಿತ್ತು. ಬದಲಾವಣೆಗಳ ಟಿಪ್ಪಣಿಯಲ್ಲಿ ಅದನ್ನು ಬರೆದೂ ಇದ್ದರು. ತಂಗಿ ಕಣ್ಣಾಡಿಸಿ ಬಿಟ್ಟಿದ್ದಳು.

ಮೇಜಿನ ಮೇಲಿನ ಫೋನು ಗುರ್ರೆಂದಿತು. ಪರದೆಯ ಮೇಲೆ ಅಕ್ಕನ ಮುಖ, ಅದರ ಪಕ್ಕದಲ್ಲಿ ಅವಳ ಮಾತು. ಕೇಳಿಸ್ತಾ?

ಲೈಬ್ರರಿಯ ನರನಾಡಿ ಬಲ್ಲವಳು ತಂಗಿ. ಆದರೂ ಒಂದು ಗಳಿಗೆ ನಂಬಿದಳು. ಎದೆಯೊಳಗೆ ಏನೋ ಎದ್ದು ನಿಂತು ಬಾಗಿಲ ಕಡೆ ಓಡಿತು. ಆಮೇಲೆ ತನ್ನ ಬೆರಳು ಇನ್ನೂ ಗುಂಡಿಯ ಮೇಲೇ ಇರುವುದು ಕಾಣಿಸಿತು.

ಅಷ್ಟರಲ್ಲಿ ಅಮ್ಮ ಚೊಂಬನ್ನು ಎದೆಗೊತ್ತಿಕೊಂಡೇ ಬಂದಿದ್ದಳು. "ನೋಡೇ. ಬರೆದಿದ್ದಾಳೆ ನೋಡೇ."

ತಂಗಿ ಎಲ್ಲ ಹೇಳಿದಳು. ಅಮ್ಮ ತಲೆಯಾಡಿಸಿದಳು, ಆದರೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಉತ್ತರಗಳು ಸುರಿಯತೊಡಗಿದ್ದವು. ಕೇಳಿಸ್ತು ಅಕ್ಕ. ಕೇಳಿಸ್ತು ಕಣಕ್ಕ, ಎಲ್ಲಿದ್ದೀಯಾ. ಕೊಳವೆಗೆ ತೇಪೆ ಹಾಕಿ ಹೊಸದು ಅಂತಿದ್ದಾರೆ ಅಕ್ಕ, ನಾಳೆ ಒಳಗೆ ಹೋಗೋದಾ ಬೇಡ್ವಾ ಹೇಳು. ತಂಗಿ ಅಳಿಸುವ ಕೋರಿಕೆ ಕಳಿಸಿದಳು. ಈ ಜಾಲದಲ್ಲಿ ಅದು ಬರೀ ಕೋರಿಕೆ, ಹುಕುಂ ಅಲ್ಲ. ಕೆಲವು ಸರ್ವರ್‌ಗಳು ಒಪ್ಪಿದವು, ಕೆಲವು ಕಿವಿಗೇ ಹಾಕಿಕೊಳ್ಳಲಿಲ್ಲ. ಯಾರು ಹೇಳಿದರೂ ಅಳಿಸದಂಥವನ್ನೇ ಆಗ ಹುಡುಕಿ ಹುಡುಕಿ ಆಯ್ದವಳು ತಾನೇ.

ಸ್ವಲ್ಪ ಹೊತ್ತಿಗೆ ಲಾಂಡ್ರಿ ಕಾರ್ಮಿಕರ ಸಂಘದ ಕಾರ್ಯದರ್ಶಿ ಬಂದ, ಹಿಂದೆ ಇಸ್ತ್ರಿ ಮಾವ. ಗೇಟಿನ ಎದುರು ಕೂಗಿ ಕೂಗಿ ಕಾರ್ಯದರ್ಶಿಯ ಗಂಟಲು ಹೋಗಿತ್ತು. ಆತ ಕೆಟ್ಟವನಲ್ಲ. ಅಕ್ಕನನ್ನು ಆಸ್ಪತ್ರೆಗೆ ಹೊತ್ತು ಓಡಿದವನು ಅವನೇ. ನಾಳೆ ಲಾಂಡ್ರಿ ತೆರೆಯುತ್ತಾರೆ, ಅದೇ ಕೊಳವೆ, ಮೇಲೊಂದು ಪಟ್ಟಿ. ಮನೆಯಲ್ಲಿ ಒಲೆ ಉರಿಯದ ಅರ್ಧ ಜನ ಒಳಗೆ ಹೋಗಲು ಒಪ್ಪಿದ್ದಾರೆ ಎಂದ. ಆ ಒಂದು ಪದ ಬಂದ ಮೇಲೆ ಗೇಟಿನ ಬಳಿ ಸತ್ತುಹೋಗಿದ್ದ ಮುಖಗಳಿಗೆಲ್ಲ ಜೀವ ಬಂತು ಎಂದೂ ಹೇಳಿದ. ಬಂದವನು ಸ್ಟೂಲಿನ ಮೇಲೆ ಕೂರಲು ಹೋಗಿ, ಅದು ಯಾರದೆಂದು ನೆನಪಾಗಿ ನಿಂತುಕೊಂಡ.

"ಕೈತಪ್ಪಿ ಹೋಯ್ತು ಅಂತ ಗೊತ್ತು ತಂಗಿ. ಆದ್ರೆ ಹೋಗಿದ್ದು ಹೋಯ್ತಲ್ಲ. ಇನ್ನೊಂದೇ ಸಾಲು. ನಾಳೆ ಯಾರೂ ಒಳಗೆ ಹೋಗಬೇಡಿ. ಅಷ್ಟೇ. ಅವಳಿದ್ದಿದ್ರೆ ಇದನ್ನೇ ಹೇಳ್ತಿರಲಿಲ್ವಾ?"

ಹೇಳುತ್ತಿದ್ದಳು. ಅಕ್ಷರ ಅಕ್ಷರವೂ ಅದನ್ನೇ, ಜೊತೆಗೆ ಮಾಲೀಕನ ಹೊಟ್ಟೆಯ ಬಗ್ಗೆ ಒಂದು ತಮಾಷೆಯನ್ನೂ. ಅದು ತಂಗಿಗೆ ಗೊತ್ತಿತ್ತು, ಅದೇ ಕಷ್ಟ. ಸಾಲು ಬರೆದು ಗುಂಡಿ ಒತ್ತಿದರೆ ಲೈಬ್ರರಿ ಒಂದು ಮಾತೂ ಕೇಳದೆ ಸಹಿ ಹಾಕುತ್ತದೆ. ನೂರಾರು ಫೋನುಗಳಲ್ಲಿ ಅದೇ ಲೈಬ್ರರಿ ಆ ಸಹಿಯನ್ನು ಉಜ್ಜಿ ನೋಡಿ, ಹೌದು, ಇದು ಅವಳದೇ ಎನ್ನುತ್ತದೆ. ಬದುಕಿದ್ದವರ ಕೈ, ಸತ್ತವರ ಕೈ ಎಂಬುದು ಅದಕ್ಕೆ ತಿಳಿಯದು. ಅದನ್ನು ಬಲ್ಲವಳು ಈ ಮನೆಯಲ್ಲಿ ಕೂತಿದ್ದಾಳೆ.

ಇಸ್ತ್ರಿ ಮಾವ ಬಾಗಿಲ ಬಳಿ ನೆಲ ನೋಡುತ್ತಾ ನಿಂತಿದ್ದ. "ನಾನು ಉತ್ತರ ಹಾಕಿಬಿಟ್ಟೆ ಕಣಮ್ಮ, ಕೇಳಿಸ್ತು ಅಂತ" ಎಂದ. "ಯೋಚ್ನೆ ಮಾಡೋ ಮುಂಚೆನೇ ಹಾಕಿಬಿಟ್ಟೆ."

ಅಮ್ಮ ಕಾರ್ಯದರ್ಶಿಯ ಕಡೆ ನೋಡಲಿಲ್ಲ. ತಂಗಿಯ ಭುಜದ ಮೇಲೆ ಕೈಯಿಟ್ಟು ತಗ್ಗಿದ ದನಿಯಲ್ಲಿ, ಮುಷ್ಕರ ಗಿಷ್ಕರ ನಂಗೆ ಗೊತ್ತಾಗಲ್ಲ ಎಂದಳು. "ಒಂದೇ ಒಂದು ಸಲ ಬರೀ ಮಗಾ. ನೀನೇ ಬರೆದಿದ್ದು ಅಂತ ಗೊತ್ತಿದ್ರೂ ಪರವಾಗಿಲ್ಲ. ಹಳೇದೆಲ್ಲ ಬಾಯಿಪಾಠ ಆಗಿಹೋಯ್ತು."

ತಂಗಿಗೂ ಬೇಕಿದ್ದದ್ದು ಅದೇ, ಇನ್ನೊಂದು ಹೊಸ ಮಾತು. ಫೋನು ಗುರ್ರೆಂದು ಆ ಮುಖ ಬಂದ ಗಳಿಗೆ ಇನ್ನೂ ಮೈಯಲ್ಲಿ ಬಿಸಿಯಾಗಿತ್ತು. ಇಂದು ಬರೆದರೆ ನಾಳೆಯೂ ಬರೆಯುತ್ತಾಳೆ. ನಾಳಿದ್ದು ಗೇಟಿಗಾಗಿ, ಆಚೆ ನಾಳಿದ್ದು ಅಮ್ಮನಿಗಾಗಿ, ಆಮೇಲೆ ಯಾರಿಗೂ ಅಲ್ಲದೆ ತನಗಾಗಿ. ಹಾಗೆ ಬರೆಯುತ್ತ ಬರೆಯುತ್ತ, ಅಕ್ಕ ನಿಜವಾಗಿ ಕೆಮ್ಮಿದ್ದು ಯಾವುದು, ತಾನು ಕೆಮ್ಮಿಸಿದ್ದು ಯಾವುದು ಎಂಬುದು ಅಮ್ಮನಿಗೂ ತಿಳಿಯದಾಗುತ್ತದೆ. ಆ ದಿನ ಕಂಪನಿ ಅಳಿಸಿದ್ದು ಒಂದು ಪುಟ. ತಾನು ಅಳಿಸುವುದು ಅಕ್ಕನನ್ನು, ಅದೂ ಅವಳದೇ ಸಹಿ ಹಾಕಿ.

ಅಕ್ಕನ ಕೀಯನ್ನಲ್ಲ, ಹುಸಿ ಕೀಯನ್ನೂ ಅಲ್ಲ, ತನ್ನ ಹೆಸರಿನಲ್ಲೇ ಮಾಡಿಕೊಂಡಿದ್ದ ಸ್ವಂತ ಕೀಯನ್ನು ಆರಿಸಿದಳು. ಸರಿಯಾಗಿದೆಯೇ ಎಂದು ಮತ್ತೊಮ್ಮೆ ನೋಡಿದಳು. ಬರೆದಳು: ಈಗ ಬಂದದ್ದು ಅಕ್ಕನ ಮಾತಲ್ಲ, ನನ್ನ ತಪ್ಪು. ಅಕ್ಕ ಇಲ್ಲ. ಕೊಳವೆ ಅದೇ ಇದೆ. ನಾಳೆ ಗೇಟಿನ ಎದುರು ನಾನು ನಿಂತಿರುತ್ತೇನೆ.

ಕಾರ್ಯದರ್ಶಿ ಭುಜದ ಮೇಲಿನಿಂದ ಓದಿ ಹಣೆ ಹಿಡಿದುಕೊಂಡ. ನಿನ್ನ ಮಾತಿಗೆ ನಾಲ್ಕು ಜನ ಬರೋದೂ ಕಷ್ಟ, ಹಬೆಯಕ್ಕನ ಮಾತಿಗೆ ಊರೇ ಬರುತ್ತೆ ಎಂದ. ಅದು ಸುಳ್ಳೇನಾಗಿರಲಿಲ್ಲ. ಮುರಿದ ಗಂಟಲಿನಲ್ಲೇ ಮತ್ತೆ ಹೇಳಿದ, ಈ ಸಲ ಬೇಡಿಕೊಳ್ಳಲಿಲ್ಲ, ಸಂಘದ ಕಾರ್ಯದರ್ಶಿಯಾಗಿ ಹೇಳಿದ. "ಅದನ್ನ ಅಳಿಸು. ಅಕ್ಕನ ಕೀ ತಗೋ. ಬರೀ."

ಚೊಂಬಿನೊಳಗೆ ಫೋನು ಗುರ್ರೆನ್ನುತ್ತಲೇ ಇತ್ತು, ಕೇಳಿಸ್ತು ಅಕ್ಕ, ಕೇಳಿಸ್ತು ಅಕ್ಕ. ತಂಗಿ ಅಮ್ಮನ ಕೈಯನ್ನು ತನ್ನ ಭುಜದ ಮೇಲೆ ಹಾಗೇ ಇರಲು ಬಿಟ್ಟಳು. ತಾನು ಬರೆದ ಸಾಲುಗಳನ್ನು ಕಳಿಸಿದಳು.

"ಅಕ್ಕನ ಹೆಸರಲ್ಲಿ ನಾನು ಬರೆಯಲ್ಲ."