ತಲೆಕೆಳಗಾದ ಗೋಪುರ

ಸಿಂಧನೂರಿನ ಸುಕನ್ಯಾ ಶಾಲೆಯ ಗೋಡೆಗಳಿಗೆ ಚಿತ್ರ, ಅಂಗಡಿಗಳಿಗೆ ಬೋರ್ಡು ಬರೆಯುವವಳು. ಗುರುಗುಂಟಾದ ಆಚೆ ಒಂದು ಹಳ್ಳಿಯ ಈಶ್ವರ ಗುಡಿಗೆ ಹೋದ ತಿಂಗಳು ಬಣ್ಣ ಬಳಿದು ಬಂದಿದ್ದಳು. ಈಗ ಗುಡಿ ಕಮಿಟಿಯ ಹಿರಿಯ ಕರಿಬಸಪ್ಪ ಮತ್ತೆ ಕರೆಸಿದ್ದ.

ಗುಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ತಲೆಮಾರುಗಳಿಂದ ಒಂದು ಸೋಜಿಗವಿತ್ತು. ಹೊತ್ತು ಇಳಿಯುವಾಗ ಬೆರಳಗಲದ ಕಿಂಡಿಯಿಂದ ಬೆಳಕು ಬಂದು, ಎದುರು ಗೋಡೆಯ ಮೇಲೆ ಹೊರಗಿನ ಗೋಪುರ ತಲೆಕೆಳಗಾಗಿ ಮೂಡುತ್ತಿತ್ತು. ಬಣ್ಣ ಬಳಿದ ಮೇಲೆ ಅದು ಕಾಣಿಸಿರಲಿಲ್ಲ. ಬಾಗಿಲು ತೆರೆದು, ಬಲ್ಬು ಹಾಕಿಕೊಂಡು ಕೆಲಸ ಮಾಡಿದ್ದ ಸುಕನ್ಯಾಗೆ ಈ ಸಂಗತಿಯೇ ಗೊತ್ತಿರಲಿಲ್ಲ.

“ದೇವರು ಮುನಿದಾನ ಅಂತ ಊರಾಗ ಗುಲ್ಲೆದ್ದೈತಿ,” ಎಂದ ಕರಿಬಸಪ್ಪ. “ನೀ ಒಂದು ಕೆಲಸ ಮಾಡವ್ವಾ. ಅದೇ ಜಾಗದಾಗ ಉಲ್ಟಾ ಗೋಪುರ ಬರದುಬಿಡು. ಎಲ್ಲಾರೂ ಸುಮ್ಮನಾಗ್ತಾರ.”

“ಬರಿಯಂಗಿಲ್ರೀ ಕಾಕಾ. ನೆಳ್ಳು ಎಲ್ಲಿ ಹೋಗೈತಿ, ಮೊದಲು ನೋಡೂಣು.”

ಕಿಂಡಿಗೆ ಕಣ್ಣಿಟ್ಟಳು. ಗೋಪುರ ಇಳಿಬಿಸಿಲಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಹಿಂದಿರುಗಿ ಗೋಡೆಯ ಮೇಲೆ ಕೈಯಾಡಿಸಿದಳು. ಹೊಗೆಯ ಕಲೆ ಕಾಣಬಾರದೆಂದು ಕಮಿಟಿಯವರು ಆರಿಸಿದ್ದ ಗಾಢ ಕಾಫಿ ಬಣ್ಣ, ಬಳಿದವಳು ತಾನೇ.

“ತಪ್ಪು ನಂದೂ ಐತ್ರೀ. ಬೆಳಕು ಬರಾಕತ್ತೈತಿ, ಈ ಬಣ್ಣ ನುಂಗಾಕತ್ತೈತಿ. ಒಂದು ಬಿಳಿ ಧೋತರ ಕೊಡ್ರಿ.”

ಪೂಜಾರಿಯ ತಾಯಿ ಜಂಬಮ್ಮ ಒಗೆದ ಧೋತರ ತಂದುಕೊಟ್ಟಳು. ಇಬ್ಬರೂ ಅದನ್ನು ಗೋಡೆಗೆ ಬಿಗಿಯಾಗಿ ಹಿಡಿದರು. ಕರಿಬಸಪ್ಪ ಬಾಗಿಲು ಮುಚ್ಚಿದ.

ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಬಟ್ಟೆಯ ಮೇಲೆ ಗೋಪುರ ಮೆಲ್ಲಗೆ ಎದ್ದಿತು. ಕಳಸ ಕೆಳಗೆ, ಅದರ ಕೆಳಗೆ ತಿಳಿನೀಲಿ ಆಕಾಶ. ಆ ಆಕಾಶದಲ್ಲಿ ಒಂದು ಕಾಗೆ ಬೆನ್ನು ಕೆಳಗಾಗಿ ಹಾರಿಹೋಯಿತು.

“ಬಂತಲ್ಲೋ ಯಪ್ಪಾ,” ಎಂದಳು ಜಂಬಮ್ಮ, ಧೋತರದ ತುದಿ ಬಿಡದೆ.

“ಆ ಕಾಗೀನ ನಾ ಹ್ಯಾಂಗ ಬರೀಲ್ರೀ ಕಾಕಾ?” ಎಂದಳು ಸುಕನ್ಯಾ.

ಕರಿಬಸಪ್ಪ ಹೊರಗೆ ಹೋಗಿ ಸುಣ್ಣ ತರಲು ಆಳು ಕಳಿಸಿದ.

ಎಣ್ಣೆಬಣ್ಣ ಹೆರೆದು ತೆಗೆಯುವುದಕ್ಕೇ ಎರಡು ದಿನ ಹಿಡಿಯಿತು. ಅಂಗೈಯಲ್ಲಿ ಬೊಬ್ಬೆ ಎದ್ದರೂ ಸುಕನ್ಯಾ ಆ ಕೆಲಸವನ್ನು ಬೇರೆಯವರಿಗೆ ಬಿಡಲಿಲ್ಲ. ಮೂರನೆಯ ದಿನ ಎರಡು ಕೈ ಸುಣ್ಣ ಬಳಿದಳು. ಮರುದಿನ ಸಂಜೆ ಊರಿನವರು ಸಾಲುಗಟ್ಟಿ ಒಳಗೆ ಬಂದು ನೋಡಿ ಹೋದರು.

ಹೊರಡುವ ಮೊದಲು ಅವಳು ಕುಂಚ ತೆಗೆದು ಬಾಗಿಲ ಪಕ್ಕ ದುಂಡಗೆ ಬರೆದಳು: ‘ಒಳಗಿನ ಗೋಡೆಗೆ ಸುಣ್ಣ ಬಿಟ್ಟು ಬೇರೇನೂ ಬಳಿಯಬಾರದು.’ ಕೆಳಗೆ ತನ್ನ ಹೆಸರನ್ನೂ ಬರೆದಳು. ಅದಕ್ಕೆ ಯಾರ ಅಪ್ಪಣೆಯನ್ನೂ ಕೇಳಲಿಲ್ಲ.