ಬಾವುಟ ಕಿತ್ತ ಜಾಗ

ಜಿನೀವಾಕ್ಕೆ ಪ್ರತಿ ಮೇ ತಿಂಗಳು ಯಾರೂ ಕರೆಯದೇ ನಾವು ಬರುತ್ತೇವೆ. ವಿಶ್ವ ಆರೋಗ್ಯ ಸಭೆ ಬೇಲಿಯೊಳಗೆ ನಡೆಯುತ್ತದೆ. ತೈವಾನಿನ ನಾವು ಹೋಟೆಲ್ ಕೋಣೆಯಲ್ಲಿ ಕೂತು ಅದನ್ನು ಲ್ಯಾಪ್‌ಟಾಪಿನಲ್ಲಿ ನೋಡುತ್ತೇವೆ. ಮೊದಲ ವರ್ಷ ನನಗೆ ಹೊಟ್ಟೆ ಉರಿದುಹೋಗಿತ್ತು. ಈಗ ಹಲ್ಲು ಕೀಳಿಸಿಕೊಂಡವರ ದವಡೆಯ ಹಾಗೆ ಎಲ್ಲ ಜೋಮು. ಬೆಳಿಗ್ಗೆ ಎದ್ದರೆ ಹೋಟೆಲಿನವರು ಮೊಟ್ಟೆ ಸರಿಯಾಗಿ ಬೇಯಿಸಿದ್ದಾರೋ ಇಲ್ಲವೋ ಎಂದಷ್ಟೇ ನೋಡುತ್ತೇನೆ.

ನಾನು ಲಾಯ್ ಶ್ಯೂ-ಚೆನ್, ಕಿಡ್ನಿ ಡಾಕ್ಟರು. ರಾಜತಂತ್ರ ನನ್ನ ಕಸುಬಲ್ಲ, ಅದಕ್ಕೆ ಬೇಕಾದ ನಯವಾದ ನಾಲಿಗೆಯೂ ನನಗಿಲ್ಲ. ಆದರೂ ನನ್ನನ್ನು ಎಳೆದು ತರುತ್ತಿದ್ದದ್ದು ಸೆಮೀಸಿಯ ಸಲುವಾಗಿ. ಸೆಮೀಸಿ ಮೊತುಲೋವಾ ಎಂಬ ಪುಟ್ಟ ದ್ವೀಪದೇಶದ ಆರೋಗ್ಯ ಮಂತ್ರಿ, ನನ್ನ ತಮ್ಮನ ವಯಸ್ಸಿನವನು. ನಮ್ಮನ್ನು ದೇಶವೆಂದು ಒಪ್ಪಿಕೊಂಡಿದ್ದ ಬೆರಳೆಣಿಕೆಯ ದೇಶಗಳಲ್ಲಿ ಅದೂ ಒಂದು. ನಾವು ಅಲ್ಲಿ ಡಯಾಲಿಸಿಸ್ ವಾರ್ಡು ಕಟ್ಟಿಕೊಟ್ಟಿದ್ದೆವು, ಬಹಳ ವರ್ಷ ಅದನ್ನು ನಡೆಸಿದವಳು ನಾನು. ಸೆಮೀಸಿಯ ಅಕ್ಕ ಲೂಸಿಯಾ ಅಲ್ಲಿನ ಮೊದಲ ರೋಗಿ. ಕಿಟಕಿ ಪಕ್ಕದ ಕುರ್ಚಿ ಅವಳದು. ಬೇರೆ ಯಾರಾದರೂ ಕೂತಿದ್ದರೆ ಮುಲಾಜಿಲ್ಲದೆ ಎಬ್ಬಿಸುತ್ತಿದ್ದಳು.

ನಮ್ಮನ್ನು ಒಳಗೆ ಕರೆಯಬೇಕೋ ಬೇಡವೋ ಎಂಬ ಮಾತು ಸಭೆಯ ಶುರುವಿನಲ್ಲೇ ಬರುತ್ತದೆ. ಇಬ್ಬರು ಬೇಕು ಅನ್ನುತ್ತಾರೆ, ಇಬ್ಬರು ಬೇಡ ಅನ್ನುತ್ತಾರೆ, ಅಧ್ಯಕ್ಷರು ಬೇಡ ಎಂದು ತೀರ್ಮಾನಿಸಿ ಮುಂದಿನ ವಿಷಯಕ್ಕೆ ಹೋಗುತ್ತಾರೆ. ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವ ಕೆಲಸ. ಬೇಕು ಅನ್ನುವ ಇಬ್ಬರಲ್ಲಿ ಒಬ್ಬ ಯಾವಾಗಲೂ ಸೆಮೀಸಿ.

ಹೋದ ವರ್ಷ ಸಭೆಯ ಹಿಂದಿನ ದಿನ ಅವನು ನಮ್ಮ ಹೋಟೆಲಿಗೆ ಬಂದ. ಬಂದ ಕೂಡಲೇ ಅನಾನಸ್ ಕೇಕಿನ ಡಬ್ಬಿಗೆ ಕೈಹಾಕುವವನು ಅವತ್ತು ಮುಟ್ಟಲಿಲ್ಲ. ನಮ್ಮ ತಂಡದ ಮುಖ್ಯಸ್ಥ ಫಾಂಗ್ ಚಹಾ ಬಗ್ಗಿಸುತ್ತಿದ್ದರು. ನಾಳೆ ನಾನು ನಿಮ್ಮ ಪರ ಮಾತಾಡುವುದಿಲ್ಲ ಎಂದ ಸೆಮೀಸಿ. ಅವನ ಸರ್ಕಾರ ನಮ್ಮ ಕೈ ಬಿಟ್ಟು ಆಚೆ ದಡದ ಕೈ ಹಿಡಿಯಲಿತ್ತು. ಜಲಸಂಧಿಯ ಆ ಕಡೆಯ ಚೀನಾವನ್ನು ನಾವು ಕರೆಯುವುದು ಹಾಗೆಯೇ. ಶುಕ್ರವಾರ ಘೋಷಣೆ, ಆಮೇಲೆ ನಮ್ಮ ವೈದ್ಯರ ತಂಡ ಜಾಗ ಖಾಲಿ ಮಾಡಬೇಕು.

ಫಾಂಗ್ ಚಹಾ ಬಗ್ಗಿಸುವುದನ್ನು ನಿಲ್ಲಿಸಲಿಲ್ಲ. ಇಂಥ ಸುದ್ದಿಯನ್ನು ಬೇರೆ ದೇಶಗಳ ಬಾಯಿಂದ ಅವರು ಹಿಂದೆಯೂ ಕೇಳಿದ್ದರು. ನನಗೆ ತೋಚಿದ್ದು ಒಂದೇ ಮಾತು.

"ಲೂಸಿಯಾ ಗತಿ ಏನು?"

"ಹೊಸಬರು ಹೊಸ ಮೆಷಿನ್ ತರ್ತಾರೆ ಡಾಕ್ಟ್ರಕ್ಕ. ಹಡಗಲ್ಲಿ."

"ಯಾವಾಗ?"

ಅವನು ಕಿಟಕಿ ಕಡೆ ನೋಡಿದ. ವಾರಗಟ್ಟಲೆ ಡಯಾಲಿಸಿಸ್ ತಪ್ಪಿದರೆ ಅವನ ಅಕ್ಕ ಉಳಿಯುವುದಿಲ್ಲವೆಂದು ನನ್ನಷ್ಟೇ ಅವನಿಗೂ ಗೊತ್ತಿತ್ತು. ನಮ್ಮ ಮೆಷಿನ್ನುಗಳು ಅಲ್ಲೇ ಇರಲಿ, ನಿಮ್ಮ ನರ್ಸ್ ತೆರೇಸಿಯಾಗೆ ನಾನೇ ಕಲಿಸಿದ್ದೇನೆ, ಅವಳು ನಡೆಸಲಿ ಅಂದೆ. ಆಗುವುದಿಲ್ಲ ಎಂದ. ವಾರ್ಡಿನ ತುಂಬ ನಮ್ಮ ಬಾವುಟ. ಅಂಥ ಕೋಣೆ ತೆರೆದಿರುವಂತಿಲ್ಲ, ಶುಕ್ರವಾರವೇ ಬೀಗ ಹಾಕಿ ಎಂದು ಅವನ ಪ್ರಧಾನಿಯಿಂದ ಅಪ್ಪಣೆಯಾಗಿತ್ತಂತೆ.

ಬಾವುಟದ ಮಾತು ನಿಜ. ಒಂದು ಗಾಲಿಕುರ್ಚಿ ಕೊಟ್ಟರೂ ಅದರ ಬೆನ್ನಿಗೆ ಸ್ಟಿಕ್ಕರ್ ಅಂಟಿಸುವುದು ನಮ್ಮ ಪದ್ಧತಿ. ಮೇಲೆ ಬಾವುಟ, ಕೆಳಗೆ 'ತೈವಾನಿನ ಪ್ರೀತಿಯ ಕಾಣಿಕೆ'. ಬಲಗೈಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅನ್ನುವುದೆಲ್ಲ ಹೆಸರಿದ್ದವರ ಮಾತು. ನಮ್ಮ ಹೆಸರಿನ ಹಲಗೆಯನ್ನು ಯಾರೂ ಸಭೆಯ ಮೇಜಿನ ಮೇಲೆ ಇಡುವುದಿಲ್ಲ, ಹಾಗಾಗಿ ನಾವು ಮೆಷಿನ್ನಿನ ಮೇಲೆ, ನೀರಿನ ಟ್ಯಾಂಕಿನ ಮೇಲೆ, ಕಸದ ಬುಟ್ಟಿಯ ಮೇಲೂ ಅಂಟಿಸುತ್ತೇವೆ.

ಸೆಮೀಸಿ ಹೋದ ಮೇಲೆ ಫಾಂಗ್‌ಗೆ ಹೇಳಿದೆ: ಶುಕ್ರವಾರದೊಳಗೆ ನಾವೇ ಸ್ಟಿಕ್ಕರ್ ಕಿತ್ತುಬಿಡೋಣ, ಬಾವುಟವಿಲ್ಲದ ಕೋಣೆಗೆ ಬೀಗ ಹಾಕಲು ಅವರಿಗೆ ನೆಪವಿರುವುದಿಲ್ಲ. ಫಾಂಗ್ ಕೆಟ್ಟ ಮನುಷ್ಯರಲ್ಲ. ಸೆಮೀಸಿ ಮುಟ್ಟದೆ ಹೋದ ಕೇಕಿನ ಡಬ್ಬಿಗೆ ಮುಚ್ಚಳ ಹಾಕಿದರು.

"ನಮ್ಮ ಕೈಯಾರೆ ನಮ್ಮ ಬಾವುಟ ಕೀಳೋದಾ ಡಾಕ್ಟರ್? ಹಂಗಾದ್ರೆ ಇಷ್ಟು ವರ್ಷ ಇಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದು ಯಾತಕ್ಕೆ?"

"ಕೀಳ್ದಿದ್ರೆ ಆ ಹೆಂಗಸು ಸಾಯ್ತಾಳೆ."

ಆಗುವುದಿಲ್ಲ ಎಂದರು. ಲೋಟಗಳನ್ನು ಎತ್ತಿಕೊಂಡು ತೊಳೆಯಲು ಹೋದರು.

ಆ ಜೋಮಿನ ಅಡಿಯಲ್ಲೆಲ್ಲೋ ನನಗೆ ರೇಗಿತು. ಕೋಟು ಹಾಕಿಕೊಂಡು ಸರೋವರದ ದಂಡೆಗೆ ಹೋಗಿ, ವಾರ್ಡಿನಲ್ಲಿದ್ದ ನಮ್ಮ ನರ್ಸ್ ಪಾನ್ ಮಿಂಗ್-ಚುಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ.

"ಒಂದು ಗುಳ್ಳೆ ಇರ್ಬಾರ್ದು ಅಂತ ನನ್ನ ಕೈಲಿ ಒರೆಸಿ ಒರೆಸಿ ಅಂಟಿಸಿದ್ರಲ್ಲ ಅಕ್ಕಾ," ಅಂದಳು. "ಈಗ ಅದು ಉಗುರಿಗೆ ಬರುತ್ತಾ?"

"ಸ್ಪಿರಿಟ್ ಹಾಕಿ ಕೆರಿ."

"ಪೊಟ್ಟಣ?"

ಅದು ಪ್ರತಿ ಮೆಷಿನ್ನಿನ ತಲೆಯ ಮೇಲೆ ಇಟ್ಟಿದ್ದ ಹಸಿರು ಪೊಟ್ಟಣದ ಮಾತು. ಜೋಳದ ಕುರುಕಲು ತಿಂಡಿ. ಮೆಷಿನ್ನು ಕೈಕೊಡದೆ ನಡೆಯಲಿ ಎಂದು ನಮ್ಮೂರಲ್ಲಿ ಇಡುತ್ತೇವೆ. ಹಸಿರೇ ಆಗಬೇಕು, ತಾರೀಕು ಮೀರಿರಬಾರದು, ಯಾರೂ ತಿನ್ನಬಾರದು. ದೊಡ್ಡ ದೊಡ್ಡ ಡಾಕ್ಟರುಗಳೂ ನಗುತ್ತಲೇ ಇಡುತ್ತಾರೆ. ನಡೆಯುವ ಮೆಷಿನ್ನಿನ ಮೇಲಿಂದ ಅದನ್ನು ತೆಗೆಯುವ ಎದೆಗಾರಿಕೆ ಮಾತ್ರ ಒಬ್ಬರಿಗೂ ಇಲ್ಲ. ಪೊಟ್ಟಣ ಹಾಗೇ ಇರಲಿ, ಅದರ ಮೇಲೆ ಬಾವುಟವಿಲ್ಲವಲ್ಲ ಅಂದೆ. ಅದರ ಬೆನ್ನಿನ ಮೇಲೆ 'ತೈವಾನಿನಲ್ಲಿ ತಯಾರಾದದ್ದು' ಎಂದು ಅಚ್ಚಾಗಿರುವುದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ.

ಶುಕ್ರವಾರ ಘೋಷಣೆಯಾಯಿತು. ವಾರ್ಡಿಗೆ ಬೀಗ ಬೀಳಲಿಲ್ಲ. ತೆರೇಸಿಯಾಗೆ ಕೀಲಿ ಕೊಟ್ಟು ಬಂದೆವು ಎಂದು ಮಿಂಗ್-ಚು ವಿಮಾನ ನಿಲ್ದಾಣದಿಂದ ಹೇಳಿದಳು. ನಾನು ಮಾಡಿದ್ದನ್ನು ನಾನೇ ಫಾಂಗ್‌ಗೆ ತಿಳಿಸಿದೆ. ಅವರು ದೂರು ಬರೆಯಲಿಲ್ಲ, ತೈಪೆ ಮುಟ್ಟುವ ತನಕ ನನ್ನ ಮುಖವನ್ನೂ ನೋಡಲಿಲ್ಲ. ಅಲ್ಲಿಂದಾಚೆಗೆ ದ್ವೀಪದಿಂದ ಒಂದು ಸುದ್ದಿಯೂ ಇಲ್ಲ. ನಮ್ಮ ಜೊತೆ ಮಾತಾಡಬಾರದೆಂದು ತೆರೇಸಿಯಾಗೆ ಹೇಳಿದ್ದರೋ ಏನೋ, ಫೋನ್ ಎತ್ತುತ್ತಿರಲಿಲ್ಲ. ಲೂಸಿಯಾ ಇದ್ದಾಳೋ ಹೋದಳೋ ಗೊತ್ತಿಲ್ಲದೆ ವರ್ಷ ಕಳೆಯಿತು. ನಾನು ಆಸ್ಪತ್ರೆಗೆ ಹೋದೆ, ಬಂದೆ, ಉಂಡೆ, ಮಲಗಿದೆ.

ಈ ವರ್ಷ ಮತ್ತೆ ಮೇ. ಸೆಮೀಸಿ ಈಗ ನಮ್ಮ ಕಡೆ ಇಲ್ಲದಿದ್ದರೂ ರೂಢಿಯ ಮೇಲೆ ನನ್ನನ್ನು ಕರೆತಂದರು. ಅದೇ ಹೋಟೆಲು, ಅದೇ ಲ್ಯಾಪ್‌ಟಾಪು. ಬೇಕು ಅನ್ನುವವರು ಇಬ್ಬರು ಮಾತಾಡಿದರು. ಬೇಡ ಅನ್ನುವವರಲ್ಲಿ ಎರಡನೆಯವನಾಗಿ ಸೆಮೀಸಿ ಎದ್ದ. ಬರೆದುಕೊಂಡು ಬಂದದ್ದನ್ನು ತಲೆಯೆತ್ತದೆ ಓದಿದ. ನನಗೆ ಸಿಟ್ಟೂ ಬರಲಿಲ್ಲ. ಅವನ ಮುಖದಲ್ಲಿ ಸೂತಕದ ಗುರುತೇನಾದರೂ ಇದೆಯೋ ಎಂದು ಹುಡುಕಿದೆ, ತಿಳಿಯಲಿಲ್ಲ.

ಸಂಜೆ ಟ್ರಾಮ್ ನಿಲ್ದಾಣದಲ್ಲಿ ನಿಂತಿದ್ದಾಗ ಯಾರೋ ನನಗೆ ಬೆನ್ನು ಕೊಟ್ಟು ಪಕ್ಕದಲ್ಲಿ ನಿಂತರು. ಕತ್ತಿನ ಗುರುತಿನ ಚೀಟಿಯನ್ನು ಜೇಬಿನೊಳಗೆ ತುರುಕಿದ್ದ.

"ಅಕ್ಕ ಇದ್ದಾಳೆ," ಎಂದ ಸೆಮೀಸಿ.

ಹೊಸಬರ ಹಡಗು ಬರುವಷ್ಟರಲ್ಲಿ ಮಳೆಗಾಲವೇ ಮುಗಿದಿತ್ತಂತೆ. ಅಲ್ಲಿಯ ತನಕ ತೆರೇಸಿಯಾ ನಮ್ಮ ಮೆಷಿನ್ನುಗಳಲ್ಲೇ ನಡೆಸಿದಳಂತೆ. ಈಗಲೂ ಕಿಟಕಿ ಪಕ್ಕದಲ್ಲಿರುವುದು ನಮ್ಮದೇ, ಲೂಸಿಯಾ ಬೇರೆಯದಕ್ಕೆ ಒಪ್ಪುವುದಿಲ್ಲವಂತೆ. ಅವನು ಫೋನನ್ನು ಪಕ್ಕಕ್ಕೆ ಹಿಡಿದ. ಲೂಸಿಯಾ ಅದೇ ಕುರ್ಚಿಯಲ್ಲಿ ಕೂತು ಕ್ಯಾಮೆರಾದವನನ್ನು ಗದರುತ್ತಿದ್ದಳು. ಹಿಂದೆ ಮೆಷಿನ್ನು, ಅದರ ಎದೆಯ ಮೇಲೆ ಅಂಗೈಯಗಲ ಬಿಳಿಚಿಕೊಂಡ ಜಾಗ, ತಲೆಯ ಮೇಲೆ ಹಸಿರು ಪೊಟ್ಟಣ.

"ಪೊಟ್ಟಣದ ತಾರೀಕು ಮೀರಿದೆ ಡಾಕ್ಟ್ರಕ್ಕ. ಹೊಸದು ಇಡೋ ತನಕ ಸೂಜಿ ಚುಚ್ಚಿಸ್ಕೊಳ್ಳಲ್ಲ ಅಂತ ಅಕ್ಕಂದು ಪ್ರತಿ ಸಲ ಜಗಳ. ನಮ್ಮಲ್ಲೀಗ ಅದು ಸಿಗಲ್ಲ."

"ಆಚೆ ದಡದಿಂದ ಬಂದ ಹೊಸ ಡಾಕ್ಟರು ಏನೂ ಅನ್ನಲ್ವಾ?"

"ಪೊಟ್ಟಣದ ಹಿಂದ್ಗಡೆ ನಿಮ್ಮ ದೇಶದ ಹೆಸರಿರೋದನ್ನ ಬಂದ ದಿನಾನೇ ನೋಡಿದ್ರು. ಹೆಸರನ್ನ ಗೋಡೆ ಕಡೆ ತಿರುಗ್ಸಿ ಇಟ್ರು. ಏನೂ ಅನ್ನಲಿಲ್ಲ."

ಇಲ್ಲೇ ಇರು ಎಂದು ಹೇಳಿ ಹೋಟೆಲಿಗೆ ಹೋದೆ. ನಮ್ಮ ಪ್ರಿಂಟರಿನ ಮೇಲೂ ಒಂದು ಪೊಟ್ಟಣ ಇತ್ತು, ಅದನ್ನು ಎತ್ತಿಕೊಂಡೆ. ಫಾಂಗ್ ನೋಡಿದರು. ಯಾರಿಗೆ ಎಂದು ಕೇಳಿದರು, ಹೇಳಿದೆ. ಗೋಡೆಯ ವಿಷಯವನ್ನೂ ಹೇಳಿದೆ. ಅವರು ಎದ್ದು ತಮ್ಮ ಸೂಟ್‌ಕೇಸ್ ತೆರೆದು, ಒಳಗಿದ್ದ ಹಸಿರು ಪೊಟ್ಟಣಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು, ಕನ್ನಡಕ ಏರಿಸಿ ಒಂದೊಂದರದೂ ತಾರೀಕು ಓದತೊಡಗಿದರು.

"ಗೋಡೆ ಕಡೆಗೇ ಇಟ್ಕೊಳ್ಲಿ," ಅಂದರು. "ಮುಂದಿನ ಮೇ ತನಕ ಬರೋದನ್ನ ಕೊಡಿ."